ಊರ ಬಾವಿಯಂತೆ ಊರ ವೈಫೈ

(ಕಲಿಕಾ ಕೇಂದ್ರದಲ್ಲಿ ಶಿಕ್ಷಕಿಯೊಬ್ಬರು ಮಾಡಿದ ಭಾಷಣ)



ಇವತ್ತು ಒಂದು ಹಳೇ ಪಟ್ಟಣದ ಸಂಗತಿ ಹೇಳ್ತೀನಿ. ಆ ಪಟ್ಟಣ ನಮ್ಮ ದೇಶದ್ದಲ್ಲ. ಬಹಳ ದೂರ ಇದೆ. ಆದರೂ ಅಲ್ಲಿಯವರು ಮಾಡಿದ ಕೆಲಸದಿಂದ ನಾವು ಕಲಿಯುವುದು ಇದೆ.

ಹಲಗೆಯ ಮೇಲೆ ಎರಡು ಹೆಸರು ಬರೆದಿದ್ದೀನಿ. ಅಕ್ಷರ ಕೂಡಿಸಿ ಓದಿ. ಎಸ್ಟೋನಿಯಾ. ಟ್ಯಾಲಿನ್. ಎಸ್ಟೋನಿಯಾ ದೇಶದ ಹೆಸರು. ಟ್ಯಾಲಿನ್ ಅದರ ರಾಜಧಾನಿ.

ಕೋಟೆಯೊಳಗಿನ ಪಟ್ಟಣ

ಎಸ್ಟೋನಿಯಾ ಯುರೋಪ್ ಖಂಡದ ಉತ್ತರದಲ್ಲಿರುವ ಪುಟ್ಟ ದೇಶ. ಇಡೀ ದೇಶದ ಜನಸಂಖ್ಯೆ 13 ಲಕ್ಷಕ್ಕೆ ಸ್ವಲ್ಪ ಹೆಚ್ಚು. ನಮ್ಮ ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ 2011ರಲ್ಲಿ 96 ಲಕ್ಷ ಜನ ಇದ್ದರು. ಅಂದಮೇಲೆ ಅದು ಎಷ್ಟು ಚಿಕ್ಕ ದೇಶ ಅಂತ ನೀವೇ ಲೆಕ್ಕ ಹಾಕಿ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ. ಹಗಲು ಬಹಳ ಸಣ್ಣದಾಗುತ್ತದೆ.

ಟ್ಯಾಲಿನ್ ಸಮುದ್ರದ ದಂಡೆಯ ಊರು. ಅದರ ನಡುವೆ ಒಂದು ಹಳೇ ಪಟ್ಟಣ ಇದೆ. ಸುತ್ತ ಕಲ್ಲಿನ ಕೋಟೆ ಗೋಡೆ. ಇವತ್ತಿಗೂ ಸುಮಾರು 2 ಕಿಲೋಮೀಟರ್ ಗೋಡೆ ಉಳಿದಿದೆ. ನಮ್ಮ ಚಿತ್ರದುರ್ಗದ ಕೋಟೆಗೆ ಬುರುಜುಗಳಿಲ್ಲವೇ? ಹಾಗೇ ಈ ಗೋಡೆಗೂ ಇಪ್ಪತ್ತಕ್ಕೂ ಹೆಚ್ಚು ಬುರುಜುಗಳಿವೆ. ಬೀದಿಗಳು ಕಿರಿದು. ಬೀದಿಗೆ ಕಲ್ಲು ಹಾಸಿದ್ದಾರೆ. ಊರ ನಡುವೆ ದೊಡ್ಡ ಚೌಕ. ಚೌಕದಲ್ಲಿ ಪುರಭವನ. ಅದನ್ನು ಕಟ್ಟಿ ಮುಗಿಸಿದ್ದು 1404ರಲ್ಲಿ. ಅದರ ಹತ್ತಿರ ಒಂದು ಔಷಧಿ ಅಂಗಡಿ ಇದೆ. 1422ರಲ್ಲೇ ಆ ಅಂಗಡಿ ಇತ್ತು ಅನ್ನುವುದಕ್ಕೆ ದಾಖಲೆ ಇದೆ. ಅಲ್ಲಿ ಈಗಲೂ ಔಷಧಿ ಮಾರುತ್ತಾರೆ!

1997ರಲ್ಲಿ ಈ ಹಳೇ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ನಮ್ಮ ಹಂಪಿ, ನಮ್ಮ ಪಟ್ಟದಕಲ್ಲು ಇರುವುದೂ ಅದೇ ಪಟ್ಟಿಯಲ್ಲಿ.

ಇಂಥ ಹಳೇ ಪಟ್ಟಣದ ಚೌಕದಲ್ಲಿ, ಕಾಫಿ ಅಂಗಡಿಗಳಲ್ಲಿ ಒಂದು ಹೊಸ ಸೌಲಭ್ಯ ಇದೆ. ಕೂತು ಮೊಬೈಲ್ ತೆಗೆದರೆ ಇಂಟರ್‌ನೆಟ್ ಬರುತ್ತದೆ. ತಂತಿ ಬೇಡ. ದುಡ್ಡು ಬೇಡ. ಇದಕ್ಕೆ ಉಚಿತ ವೈಫೈ ಅಂತಾರೆ.

ವೈಫೈ ಅಂದರೆ ಏನು?

ಮೊದಲು ಇಂಟರ್‌ನೆಟ್ ಅಂದರೆ ಏನು ನೋಡೋಣ. ಲೋಕದ ಕೋಟಿ ಕೋಟಿ ಕಂಪ್ಯೂಟರ್‌ಗಳನ್ನು, ಮೊಬೈಲ್‌ಗಳನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಆ ಜೋಡಣೆಯೇ ಇಂಟರ್‌ನೆಟ್. ಅದರ ಮೂಲಕ ಕಾಗದ, ಚಿತ್ರ, ಪಾಠ, ಸುದ್ದಿ ಎಲ್ಲ ಕಳಿಸಬಹುದು, ತರಿಸಬಹುದು. ನಿಮ್ಮ ಮಗ ಮೊಬೈಲ್‌ನಲ್ಲಿ ಹಾಡು ನೋಡುತ್ತಾನಲ್ಲ, ಅದು ಬರುವುದೂ ಇದರಿಂದಲೇ.

ಇನ್ನು ವೈಫೈ. ಇದು ರೇಡಿಯೋ ಇದ್ದ ಹಾಗೆ. ಆಕಾಶವಾಣಿಯ ಹಾಡು ತಂತಿ ಇಲ್ಲದೆ ಮನೆಗೆ ಬರುತ್ತದೆ. ಕಣ್ಣಿಗೆ ಕಾಣದ ಅಲೆಗಳು ಅದನ್ನು ತರುತ್ತವೆ. ವೈಫೈಯಲ್ಲಿ ಒಂದು ಚಿಕ್ಕ ಪೆಟ್ಟಿಗೆ ಇರುತ್ತದೆ. ಆ ಪೆಟ್ಟಿಗೆಯ ತನಕ ಇಂಟರ್‌ನೆಟ್ ಸಾಮಾನ್ಯವಾಗಿ ತಂತಿಯಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಅಲೆಗಳಾಗಿ ಸುತ್ತಮುತ್ತ ಹರಡುತ್ತದೆ. ಹತ್ತಿರ ಇರುವ ಮೊಬೈಲ್ ಆ ಅಲೆಗಳನ್ನು ಹಿಡಿಯುತ್ತದೆ. ರೇಡಿಯೋ ನಮಗೆ ಹೇಳುತ್ತದೆ, ನಾವು ಕೇಳುತ್ತೇವೆ. ವೈಫೈಯಲ್ಲಿ ನಾವೂ ಹೇಳಬಹುದು, ಕೇಳಬಹುದು. ಅದೇ ವ್ಯತ್ಯಾಸ.

ವೈಫೈ ಅಲೆ ಬಹಳ ದೂರ ಹೋಗುವುದಿಲ್ಲ. ಬಯಲಾದರೆ ನೂರಿನ್ನೂರು ಅಡಿ ಹೋದೀತು. ದಪ್ಪ ಕಲ್ಲಿನ ಗೋಡೆ ಅಡ್ಡ ಬಂದರೆ ಅಲ್ಲೇ ಸೊರಗುತ್ತದೆ. ಹಾಗಾಗಿ ಒಂದು ಪೆಟ್ಟಿಗೆ ಇಡೀ ಊರಿಗೆ ಸಾಲದು. ಚೌಕಕ್ಕೊಂದು, ಅಂಗಡಿಗೊಂದು ಅಂತ ಇಡಬೇಕು.

ಹಳೇ ಪಟ್ಟಣಗಳಿಗೆ ವೈಫೈ ಅನುಕೂಲವೂ ಹೌದು. ನೂರಾರು ವರ್ಷದ ಗೋಡೆಯನ್ನು ಎಲ್ಲೆಂದರಲ್ಲಿ ಕೊರೆಯಲಾಗದು. ಹಾಸಿದ ಕಲ್ಲು ಕಿತ್ತು ಮೇಜು ಮೇಜಿಗೂ ತಂತಿ ಎಳೆಯಲಾಗದು. ಅಲೆಯಾದರೆ ಗೋಡೆಗೂ ನೋವಿಲ್ಲ, ಬೀದಿಗೂ ನೋವಿಲ್ಲ.

ಅದು ಹೇಗೆ ಬಂತು?

ಎಸ್ಟೋನಿಯಾ ಮೊದಲು ಸೋವಿಯತ್ ಒಕ್ಕೂಟದ ಒಳಗಿತ್ತು. 1991ರಲ್ಲಿ ಮತ್ತೆ ಸ್ವತಂತ್ರ ದೇಶವಾಯಿತು. ಆಗ ಕೈಯಲ್ಲಿ ದುಡ್ಡು ಕಡಿಮೆ. ಹಿಂದೆ ಮನೆಗೆ ಒಂದು ಟೆಲಿಫೋನ್ ಬೇಕಾದರೆ ವರ್ಷಗಟ್ಟಲೆ ಕಾಯಬೇಕಿತ್ತು. ನಮ್ಮಲ್ಲೂ ಹಾಗೇ ಇತ್ತು. ಹಿರಿಯರಿಗೆ ನೆನಪಿರಬಹುದು.

ಅವರು ಶಾಲೆಯಿಂದ ಶುರು ಮಾಡಿದರು. 1996ರಲ್ಲಿ ಆ ದೇಶದ ಅಧ್ಯಕ್ಷ ಲೆನಾರ್ಟ್ ಮೇರಿ ಒಂದು ಯೋಜನೆ ಸಾರಿದರು. ಅದರ ಹೆಸರು ‘ಹುಲಿಯ ನೆಗೆತ’. ಎಲ್ಲ ಶಾಲೆಗೂ ಕಂಪ್ಯೂಟರ್, ಇಂಟರ್‌ನೆಟ್ ಕೊಡಬೇಕು, ಶಿಕ್ಷಕರಿಗೆ ತರಬೇತಿ ಕೊಡಬೇಕು ಅನ್ನುವುದು ಅದರ ಗುರಿ.

2000ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಟೆಲಿಫೋನಿನಂತೆ ಇಂಟರ್‌ನೆಟ್ ಕೂಡ ಎಲ್ಲರಿಗೂ ಸಿಗಬೇಕಾದ ಸೇವೆ ಅಂತ ಕಾನೂನು ಮಾಡಿದರು. ಸರ್ಕಾರದ ಮಾಹಿತಿಯನ್ನು ಜನರು ಸಾರ್ವಜನಿಕ ಗ್ರಂಥಾಲಯದಲ್ಲಿ ಕೂತು, ಇಂಟರ್‌ನೆಟ್ ಮೂಲಕ, ಪುಕ್ಕಟೆಯಾಗಿ ನೋಡಲು ಅವಕಾಶ ಇರಬೇಕು ಅಂತಲೂ ಕಾನೂನಿನಲ್ಲಿ ಬರೆದರು. ಹಳ್ಳಿ ದಾರಿಗಳಲ್ಲೂ ನೀಲಿ ಫಲಕ ನೆಟ್ಟರು. ‘ಇಲ್ಲಿ ಹತ್ತಿರದಲ್ಲೇ ಇಂಟರ್‌ನೆಟ್ ಇದೆ’ ಅಂತ ಆ ಫಲಕದ ಗುರುತು ಹೇಳುತ್ತಿತ್ತು. ನಮ್ಮಲ್ಲಿ ಆಸ್ಪತ್ರೆಗೆ, ಪೆಟ್ರೋಲ್ ಬಂಕಿಗೆ ದಾರಿಯಲ್ಲಿ ಫಲಕ ಇರುವುದಿಲ್ಲವೇ? ಹಾಗೆ.

ವೈಫೈ ಹರಡಿದ್ದು ಸರ್ಕಾರ ಒಂದರಿಂದಲೇ ಅಲ್ಲ. ವೆಲ್ಯೊ ಹಾಮರ್ ಅಂತ ಒಬ್ಬರು ಇದನ್ನೇ ವ್ರತದಂತೆ ಹಿಡಿದರು. 2000ದ ನಂತರದ ವರ್ಷಗಳಲ್ಲಿ ಅವರು ಕಾಫಿ ಅಂಗಡಿ, ಹೋಟೆಲು, ಪೆಟ್ರೋಲ್ ಬಂಕುಗಳಿಗೆ ಹೋದರು. ‘ನಿಮ್ಮಲ್ಲಿ ವೈಫೈ ಇಡಿ, ಜನರಿಗೆ ಪುಕ್ಕಟೆ ಕೊಡಿ’ ಅಂತ ಮಾಲೀಕರ ಮನ ಒಲಿಸಿದರು. ಒಂದೊಂದೇ ಸೇರಿ ನೂರಾರು ಕಡೆ ವೈಫೈ ಆಯಿತು.

ಪುಕ್ಕಟೆ ಅಂದರೆ ಖರ್ಚೇ ಇಲ್ಲ ಅಂತಲ್ಲ. ಬೀದಿ ದೀಪಕ್ಕೆ ನಾವು ದುಡ್ಡು ಕೊಡುವುದಿಲ್ಲ. ಆದರೆ ಪಂಚಾಯತಿ ಕರೆಂಟ್ ಬಿಲ್ಲು ಕಟ್ಟುತ್ತದೆ. ಅದು ನಮ್ಮದೇ ತೆರಿಗೆ ಹಣ. ಹಾಗೆಯೇ ವೈಫೈಗೆ ಅಂಗಡಿಯವರೋ ನಗರಸಭೆಯೋ ಸರ್ಕಾರವೋ ದುಡ್ಡು ಕಟ್ಟಲೇಬೇಕು. ಕಟ್ಟುವವರು ನಿಲ್ಲಿಸಿದರೆ ವೈಫೈಯೂ ನಿಲ್ಲುತ್ತದೆ. ಈ ಮಾತು ನೆನಪಿಡಿ. ಮುಂದೆ ಬೇಕಾಗುತ್ತದೆ.

ಮೊದಲು ಅಕ್ಷರ, ಆಮೇಲೆ ಅಲೆ

ಈಗ ಮುಖ್ಯವಾದ ಮಾತಿಗೆ ಬರ್ತೀನಿ.

ಪೆಟ್ಟಿಗೆ ಇಟ್ಟ ಕೂಡಲೇ ಜನಕ್ಕೆ ಉಪಯೋಗ ಆಗಿಬಿಡುತ್ತದೆಯೇ? ಇಲ್ಲ. ಪರದೆಯ ಮೇಲೆ ಬಂದದ್ದನ್ನು ಓದಬೇಕು. ನಮ್ಮ ಪ್ರಶ್ನೆಯನ್ನು ಬರೆಯಬೇಕು. ಬಾಯಲ್ಲಿ ಹೇಳಿ ಕೇಳಬಹುದು, ನಿಜ. ಆದರೆ ಬಂದ ಉತ್ತರ ಸರಿಯೋ ಮೋಸವೋ ಅಂತ ತಿಳಿಯಲು ಅಕ್ಷರವೇ ಬೇಕು.

ಎಸ್ಟೋನಿಯಾದಲ್ಲಿ ಅಕ್ಷರ ಬಹಳ ಹಿಂದೆಯೇ ಬಂದಿತ್ತು. 1897ರ ಜನಗಣತಿಯಲ್ಲೇ ಅಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಓದಬಲ್ಲವರಾಗಿದ್ದರು. ಅವರೇನು ಶ್ರೀಮಂತರಲ್ಲ. ಬಹುತೇಕ ರೈತರು, ಕೂಲಿಯವರು. ಅವರಿಗೆ ಓದು ಕಲಿಸಿದ್ದು ಯಾರು ಗೊತ್ತೇ? ಬಹಳ ಮನೆಗಳಲ್ಲಿ ತಾಯಂದಿರು! ಅಮ್ಮ ಚರಕದ ಮುಂದೆ ಕೂತು ನೂಲು ತೆಗೆಯುವಳು. ಮಗು ಪಕ್ಕದಲ್ಲಿ ಕೂತು ಪುಸ್ತಕ ಓದುವುದು. ತಪ್ಪಿದರೆ ಅಮ್ಮ ತಿದ್ದುವಳು. ಕೈ ಕೆಲಸ ನಿಲ್ಲುತ್ತಿರಲಿಲ್ಲ, ಪಾಠವೂ ನಿಲ್ಲುತ್ತಿರಲಿಲ್ಲ.

ಅದೇ ಕಾಲದಲ್ಲಿ ನಮ್ಮ ಸ್ಥಿತಿ ಹೇಗಿತ್ತು? 1901ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ನೂರು ಹೆಂಗಸರಿಗೆ ಅಕ್ಷರ ಬಲ್ಲವರು ಒಬ್ಬರೂ ಇರಲಿಲ್ಲ. 2011ರಲ್ಲಿ ನಮ್ಮ ಕರ್ನಾಟಕದಲ್ಲಿ ನೂರಕ್ಕೆ 68 ಹೆಂಗಸರು ಅಕ್ಷರಸ್ಥರು. ಬಹಳ ದೂರ ಬಂದಿದ್ದೀವಿ. ಇನ್ನೂ ಹೋಗಬೇಕು.

ಓದು ಬಲ್ಲ ಎಸ್ಟೋನಿಯಾದಲ್ಲೂ ಕಂಪ್ಯೂಟರ್ ಬಂದಾಗ ದೊಡ್ಡವರು ಹಿಂಜರಿದರು. ‘ಇದು ಹುಡುಗರ ಆಟ, ನಮಗ್ಯಾಕೆ’ ಅಂದವರು ಎಲ್ಲ ಊರಲ್ಲೂ ಇರುತ್ತಾರೆ. ಆಗ ಅವರು ಒಂದು ಆಂದೋಲನ ನಡೆಸಿದರು. 2002ರಿಂದ 2004ರ ಒಳಗೆ ಸುಮಾರು 1 ಲಕ್ಷ ವಯಸ್ಕರಿಗೆ ಕಂಪ್ಯೂಟರ್, ಇಂಟರ್‌ನೆಟ್ ಪಾಠ ಹೇಳಿಕೊಟ್ಟರು. ಹದಿಮೂರು ಲಕ್ಷದ ದೇಶದಲ್ಲಿ ಒಂದು ಲಕ್ಷ! ನಮ್ಮ ಈ ಕಲಿಕಾ ಕೇಂದ್ರ ಇದೆಯಲ್ಲ, ಇಂಥದ್ದೇ ಕೆಲಸ ಅದು. ಪೆಟ್ಟಿಗೆಯನ್ನೂ ಇಟ್ಟರು, ಪಾಠವನ್ನೂ ಹೇಳಿದರು. ಎರಡೂ ಜೊತೆಗೆ ನಡೆದದ್ದರಿಂದ ಉಪಯೋಗ ಆಯಿತು.

ಇನ್ನೊಂದು ಸಂಗತಿ. ಅವರ ಭಾಷೆ ಎಸ್ಟೋನಿಯನ್. ಅದನ್ನು ಆಡುವವರು ಸುಮಾರು 11 ಲಕ್ಷ. ಅಷ್ಟೇ ಜನ! ಆದರೂ ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿ, ಎಲ್ಲದರ ಕೆಲಸವನ್ನೂ ಇಂಟರ್‌ನೆಟ್‌ನಲ್ಲಿ ತಮ್ಮ ಭಾಷೆಯಲ್ಲೇ ಮಾಡಿಕೊಳ್ಳುತ್ತಾರೆ. 2005ರಿಂದ ಚುನಾವಣೆಯಲ್ಲಿ ಇಂಟರ್‌ನೆಟ್ ಮೂಲಕ ಓಟು ಹಾಕುವ ಅವಕಾಶವೂ ಇದೆ. ನಮ್ಮ ಕನ್ನಡ ಎಷ್ಟು ಜನರ ಮಾತೃಭಾಷೆ? 2011ರ ಲೆಕ್ಕದಂತೆ 4 ಕೋಟಿ 37 ಲಕ್ಷ. ಹನ್ನೊಂದು ಲಕ್ಷದವರಿಗೆ ಆಗುವುದಾದರೆ ನಾಲ್ಕು ಕೋಟಿಯವರಿಗೆ ಯಾಕೆ ಆಗಬಾರದು?

ನಮ್ಮಲ್ಲಿ ಏನಾಗಿದೆ?

ನಮ್ಮಲ್ಲೂ ಪ್ರಯತ್ನ ನಡೆದಿದೆ. 2014ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ, ಬ್ರಿಗೇಡ್ ರಸ್ತೆ ಮುಂತಾದ ಕೆಲವು ಕಡೆ ಉಚಿತ ವೈಫೈ ಶುರುವಾಯಿತು. ಅವು ಬ್ರಿಟಿಷರ ಕಾಲದ ದಂಡು ಪ್ರದೇಶದ ಹಳೇ ರಸ್ತೆಗಳು. ಆ ವೈಫೈ ಕೆಲವೇ ವರ್ಷದಲ್ಲಿ ನಿಂತುಹೋಯಿತು. ಪುಕ್ಕಟೆಯ ಖರ್ಚನ್ನು ಯಾರಾದರೂ ಹೊರಬೇಕು ಅಂದೆನಲ್ಲ, ಅದು ಇಲ್ಲಿ ನೆನಪಿಗೆ ಬರುತ್ತದೆ.

ರೈಲು ನಿಲ್ದಾಣಗಳ ವೈಫೈ ಉಳಿದಿದೆ. 2016ರ ಜನವರಿಯಲ್ಲಿ ಗೂಗಲ್ ಕಂಪನಿಯ ಜೊತೆ ಸೇರಿ ಮುಂಬಯಿಯ ಮುಂಬೈ ಸೆಂಟ್ರಲ್ ನಿಲ್ದಾಣದಲ್ಲಿ ಅದು ಆರಂಭವಾಯಿತು. ಗೂಗಲ್ ಆಮೇಲೆ ಹಿಂದೆ ಸರಿಯಿತು. ರೈಲ್ವೆಯದೇ ಸಂಸ್ಥೆ ರೈಲ್‌ಟೆಲ್ ಅದನ್ನು ಬಿಡದೆ ನಡೆಸಿತು. ಈಗ ದೇಶದ 6 ಸಾವಿರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಇದೆ. ದಿನಕ್ಕೆ ಮೊದಲ ಅರ್ಧ ಗಂಟೆ ಪುಕ್ಕಟೆ. ಆಮೇಲೆ ಬೇಕಾದರೆ ದುಡ್ಡು.

ಅರ್ಧ ಗಂಟೆಯಲ್ಲಿ ಏನಾದೀತು ಅಂತೀರಾ? ಕೇರಳದ ಎರ್ನಾಕುಲಂ ನಿಲ್ದಾಣದ ಒಬ್ಬ ಹಮಾಲಿಯ ಸುದ್ದಿ 2018ರಲ್ಲಿ ಪತ್ರಿಕೆಗಳಲ್ಲಿ ಬಂತು. ಆತ ನಿಲ್ದಾಣದ ವೈಫೈಯಿಂದ ಪಾಠ ತರಿಸಿಕೊಳ್ಳುತ್ತಿದ್ದರು. ಹೊರೆ ಹೊರುವಾಗ ಕಿವಿಯಲ್ಲಿ ಪಾಠ ಕೇಳುತ್ತಿದ್ದರು. ಹಾಗೆ ಓದಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸು ಮಾಡಿದರು. ಎರ್ನಾಕುಲಂ ಯಾವ ಜಿಲ್ಲೆ ಗೊತ್ತೇ? 1990ರಲ್ಲಿ ನಮ್ಮ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಅಂತ ಘೋಷಣೆಯಾದ ಜಿಲ್ಲೆ. ಅಲ್ಲೂ ಅಕ್ಷರ ಮೊದಲು ಬಂತು, ಅಲೆ ಆಮೇಲೆ ಬಂತು.

ಹೆಂಗಸರ ಪಾಲು ಎಷ್ಟು?

2019ರಿಂದ 2021ರವರೆಗೆ ಸರ್ಕಾರ ಇಡೀ ದೇಶದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆ ಮಾಡಿಸಿತು. 15ರಿಂದ 49 ವಯಸ್ಸಿನವರನ್ನು ಕೇಳಿದರು. ಒಂದು ಸಲವಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 57. ಹೆಂಗಸರು ನೂರಕ್ಕೆ 33. ಮೂವರಲ್ಲಿ ಒಬ್ಬಳು ಮಾತ್ರ!

ಯಾಕೆ ಹೀಗೆ? ಮನೆಯಲ್ಲಿ ಒಂದೇ ಮೊಬೈಲ್ ಇದ್ದರೆ ಅದು ಗಂಡನ ಜೇಬಿನಲ್ಲಿ ಇರುತ್ತದೆ. ಇಲ್ಲವೇ ಮಗನ ಕೈಯಲ್ಲಿ. ಹೆಂಗಸು ಬಸ್ ನಿಲ್ದಾಣದಲ್ಲಿ, ಚೌಕದಲ್ಲಿ ಒಬ್ಬಳೇ ಕೂತು ಮೊಬೈಲ್ ನೋಡಿದರೆ ನಾಲ್ಕು ಕಣ್ಣು ಅವಳ ಮೇಲೆ. ‘ಇವಳಿಗೇನು ಕೆಲಸ ಇಲ್ಲಿ’ ಅಂತಾರೆ. ಹಾಗಾದರೆ ಚೌಕದಲ್ಲಿ ಪುಕ್ಕಟೆ ವೈಫೈ ಇಟ್ಟರೂ ಅದು ಯಾರಿಗೆ ಸಿಕ್ಕಿತು? ನೀವೇ ಹೇಳಿ.

ಊರ ಬಾವಿ ಊರಿಗೆಲ್ಲ ಅಂತಾರೆ. ನಿಜವಾಗಿ ಎಲ್ಲರಿಗೂ ಸೇದಲು ಬಿಟ್ಟಿದ್ದರೇ? ಮಹಾರಾಷ್ಟ್ರದ ಮಹಾಡ್ ಊರಿನಲ್ಲಿ ಒಂದು ಕೆರೆ. ಅದು ಎಲ್ಲರಿಗೂ ಸೇರಿದ್ದು ಅಂತ ಪುರಸಭೆಯೇ ನಿರ್ಣಯ ಮಾಡಿತ್ತು. ಆದರೂ ದಲಿತರಿಗೆ ಆ ನೀರು ಮುಟ್ಟಲು ಬಿಡುತ್ತಿರಲಿಲ್ಲ. 1927ರ ಮಾರ್ಚಿಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ಆ ನೀರು ಕುಡಿದರು. ಕಾಗದದ ಮೇಲೆ ‘ಎಲ್ಲರಿಗೂ’ ಅಂತ ಬರೆದರೆ ಸಾಲದು. ಹೋಗಿ ಮುಟ್ಟುವ ಧೈರ್ಯ ಬೇಕು. ಜೊತೆಗೆ ಹತ್ತು ಜನ ಬೇಕು. ಅದಕ್ಕೇ ನಾನು ಹೇಳೋದು, ಒಬ್ಬಳೇ ಹೋಗಬೇಡಿ. ಸಂಘದ ನಾಲ್ಕೈದು ಜನ ಸೇರಿ ಹೋಗಿ. ನಾಲ್ಕು ದಿನ ನೋಡುತ್ತಾರೆ, ಐದನೇ ದಿನ ಸುಮ್ಮನಾಗುತ್ತಾರೆ.

ಬಳಸುವಾಗ ಎಚ್ಚರ

ಸಾರ್ವಜನಿಕ ವೈಫೈಯಲ್ಲಿ ಒಳ್ಳೆಯವರೂ ಇರುತ್ತಾರೆ, ಕಳ್ಳರೂ ಇರುತ್ತಾರೆ. ಸಂತೆಯಲ್ಲಿ ಸೆರಗಿನ ಗಂಟು ಹೇಗೆ ಕಾಯುತ್ತೀರೋ ಹಾಗೆ ಇಲ್ಲೂ ಕಾಯಬೇಕು.

ಒಂದು: ವೈಫೈಯ ಹೆಸರು ಓದಿ. ಮೊಬೈಲ್‌ನಲ್ಲಿ ನಾಲ್ಕಾರು ಹೆಸರು ಬರುತ್ತವೆ. ಗೋಡೆಯ ಫಲಕದಲ್ಲಿ ಇರುವ ಹೆಸರೇ ಹೌದೋ ಅಲ್ಲವೋ ನೋಡಿ. ಕಳ್ಳರು ಅದೇ ಥರದ ಹೆಸರು ಇಟ್ಟು ಕೂತಿರುತ್ತಾರೆ. ಅನುಮಾನ ಬಂದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಎರಡು: ಅಲ್ಲಿ ಕೂತು ಬ್ಯಾಂಕಿನ ವ್ಯವಹಾರ ಮಾಡಬೇಡಿ. ಪಿನ್ ನಂಬರು ಒತ್ತಬೇಡಿ.

ಮೂರು: ವೈಫೈ ಸೇರಲು ಮೊಬೈಲ್‌ಗೆ ಒಂದು ಗುಟ್ಟಿನ ಸಂಖ್ಯೆ ಬರುತ್ತದೆ. ಅದಕ್ಕೆ ಒಟಿಪಿ ಅಂತಾರೆ. ನೀವೇ ಓದಿ ನೀವೇ ಒತ್ತಿ. ಯಾರಾದರೂ ಫೋನ್ ಮಾಡಿ ಕೇಳಿದರೆ ಹೇಳಲೇಬೇಡಿ.

ನಾಲ್ಕು: ಪುಕ್ಕಟೆ ಸಮಯ ಮುಗಿದ ಮೇಲೆ ದುಡ್ಡು ಕೇಳುತ್ತದೆ. ಓದದೆ ‘ಸರಿ’ ಅಂತ ಒತ್ತಬೇಡಿ.

ಐದು: ಮೋಸ ಹೋಗಿ ದುಡ್ಡು ಕಳೆದುಕೊಂಡರೆ ಅಳುತ್ತಾ ಕೂರಬೇಡಿ. ಬೈತಾರೆ ಅಂತ ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಹೆಚ್ಚು.

ಈ ಐದು ಮಾತಿನಲ್ಲಿ ಓದು ಎಷ್ಟು ಸಲ ಬಂತು ನೋಡಿ. ಓದು ಬಲ್ಲವಳಿಗೆ ಕಾವಲುಗಾರ ಬೇಡ. ಅವಳ ಕಣ್ಣೇ ಕಾವಲು.

ನಾವು ಏನು ಮಾಡೋಣ?

ಟ್ಯಾಲಿನ್ ಪಟ್ಟಣದ ಹಾಗೆ ನಮ್ಮ ಊರಲ್ಲಿ ಕೋಟೆ ಇಲ್ಲದಿರಬಹುದು. ಆದರೆ ಗ್ರಂಥಾಲಯ ಇದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಅಂತಲೂ ಹೆಸರಿಟ್ಟಿದ್ದಾರೆ. ಹಲವು ಕಡೆ ಕಂಪ್ಯೂಟರ್, ಇಂಟರ್‌ನೆಟ್ ಬಂದಿವೆ. ನಮ್ಮ ಪಂಚಾಯತಿಯಲ್ಲಿ ಇದೆಯೇ? ಹೋಗಿ ನೋಡೋಣ. ಇದ್ದರೆ ಕೂತು ಬಳಸೋಣ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳೋಣ.

ಏನೇನು ಕೇಳೋಣ? ಹೆಂಗಸರು ಹೋಗಬಹುದಾದ ಹೊತ್ತಿನಲ್ಲಿ ಬಾಗಿಲು ತೆಗೆದಿರಬೇಕು. ಕೂರಲು ಜಾಗ, ಬೆಳಕು, ಹತ್ತಿರ ಶೌಚಾಲಯ ಇರಬೇಕು. ಸೂಚನೆಗಳು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇರಬೇಕು. ಹೇಳಿಕೊಡುವವರು ಒಬ್ಬರು ಇರಬೇಕು. ಬಿಲ್ಲು ಕಟ್ಟದೆ ನಿಂತುಹೋಗದ ಹಾಗೆ ಪಂಚಾಯತಿ ನೋಡಿಕೊಳ್ಳಬೇಕು. ಈ ಅರ್ಜಿಯನ್ನು ನೀವೇ ಬರೆಯಬೇಕು. ಕೆಳಗೆ ಹೆಬ್ಬೆಟ್ಟು ಒತ್ತುವುದಲ್ಲ, ಸಹಿ ಮಾಡಬೇಕು.

ಬಾವಿಯಲ್ಲಿ ನೀರಿದ್ದರೆ ಸಾಲದು. ಹಗ್ಗ ಬೇಕು, ಕೊಡ ಬೇಕು. ಅಕ್ಷರವೇ ನಮ್ಮ ಹಗ್ಗ. ನೀವು ಆರು ತಿಂಗಳು ರಾತ್ರಿ ನಿದ್ದೆ ಬಿಟ್ಟು, ದೀಪದ ಮುಂದೆ ಕೂತು ಆ ಹಗ್ಗ ಹೊಸೆದಿದ್ದೀರಿ. ಪರೀಕ್ಷೆ ಮುಗಿಯಿತು ಅಂತ ಅದನ್ನು ಅಟ್ಟಕ್ಕೆ ಎಸೆಯಬೇಡಿ. ದಿನಕ್ಕೆ ಒಂದು ಪುಟ ಓದಿ. ಬಸ್ಸಿನ ಫಲಕ ಓದಿ, ಔಷಧಿಯ ಚೀಟಿ ಓದಿ, ಮೊಬೈಲಿಗೆ ಬಂದ ಸಂದೇಶ ಓದಿ. ಎಸ್ಟೋನಿಯಾದ ತಾಯಂದಿರ ಹಾಗೆ ಕೈ ಕೆಲಸ ಮಾಡುತ್ತಲೇ ಮಕ್ಕಳಿಂದ ಓದಿಸಿ, ಮಕ್ಕಳ ಜೊತೆ ಓದಿ.

ಮುಂದಿನ ಗ್ರಾಮಸಭೆಗೆ ಎಲ್ಲರೂ ಬನ್ನಿ. ಅರ್ಜಿ ನಮ್ಮ ಕೈಯಲ್ಲಿ ಇರಲಿ.



ಮಾತಾಡಿಕೊಳ್ಳಿ

1. ನಿಮ್ಮ ಮನೆಯಲ್ಲಿ ಮೊಬೈಲ್ ಯಾರ ಕೈಯಲ್ಲಿ ಇರುತ್ತದೆ? ನಿಮಗೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತದೆ?
2. ನಿಮ್ಮ ಊರಲ್ಲಿ ‘ಎಲ್ಲರಿಗೂ’ ಅಂತ ಹೆಸರಿದ್ದು, ಹೆಂಗಸರು ಹೋಗದ ಜಾಗ ಯಾವುದು? ಯಾಕೆ ಹೋಗುವುದಿಲ್ಲ?
3. ಗ್ರಾಮಸಭೆಗೆ ಕೊಡುವ ಅರ್ಜಿಯನ್ನು ಐದು ಸಾಲಿನಲ್ಲಿ ಬರೆಯಿರಿ.